ಶಿಶುಗಳ ಉದರರೋಗ: ವಿಶಾಖಪಟ್ಟಣ–ವಿಜಯವಾಡಗಳ ಹಿನ್ನೆಲೆಯಲ್ಲೊಂದು ಚಾರಿತ್ರಿಕ ವಿವೇಚನೆ

೧

ಕನ್ನಡ ನಾಡಿನ ವೈದ್ಯಸಾಹಿತ್ಯದ ಪರಿಚಯವುಳ್ಳ ವಾಚಕರಿಗೆ ಉಗ್ರಾದಿತ್ಯಾಚಾರ್ಯನ ಹೆಸರು ಹೊಸದೇನಲ್ಲ. ಒಂಬತ್ತನೆಯ ಶತಮಾನದ ಈ ಜೈನ ಮುನಿ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದವನು, ನೃಪತುಂಗನ ಆಸ್ಥಾನದಲ್ಲಿ ವೈದ್ಯರೆದುರು ಮಾಂಸಾಹಾರವನ್ನು ಖಂಡಿಸಿ ವಾದಿಸಿದವನು. ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಬಂದ ಈ ಗ್ರಂಥದಲ್ಲಿ, ಅದು ತ್ರಿಕಲಿಂಗದ ರಾಮಗಿರಿಯಲ್ಲಿ ರಚಿತವಾಯಿತೆಂದು ಗ್ರಂಥಕಾರನೇ ಹೇಳಿಕೊಂಡಿದ್ದಾನೆ. ಈ ರಾಮಗಿರಿಯನ್ನು ವಿಶಾಖಪಟ್ಟಣದ ಉತ್ತರಕ್ಕಿರುವ ವಿಜಯನಗರಂ—ನಮ್ಮ ಹಂಪೆಯ ವಿಜಯನಗರವಲ್ಲ—ಪಟ್ಟಣದ ಸಮೀಪದ ರಾಮತೀರ್ಥದ ಬೆಟ್ಟವೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಇದು ನಿಜವಾದ ಪಕ್ಷದಲ್ಲಿ, ಕನ್ನಡದ ಅರಸನ ಮುಂದೆ ವಾದಿಸಿದ ವೈದ್ಯನು ತನ್ನ ಗ್ರಂಥವನ್ನು ಬರೆದುದು ಇಂದಿನ ಆಂಧ್ರದ ಈ ಕಡಲ ಕರೆಯ ಬೆಟ್ಟದ ಮೇಲೆ ಎಂದಾಗುತ್ತದೆ.

ಉದ್ಯೋಗನಿಮಿತ್ತವಾಗಿ ಬ್ಯಾಂಕಿನ ಅಧಿಕಾರಿಯಾಗಿ ವಿಶಾಖಪಟ್ಟಣದಲ್ಲಿಯೂ ಅನಂತರ ವಿಜಯವಾಡದಲ್ಲಿಯೂ ಕೆಲವು ವರ್ಷ ಇದ್ದ ನನಗೆ, ಉಗ್ರಾದಿತ್ಯನನ್ನು ಹುಡುಕುತ್ತ ಹೋದಾಗ ಎದುರಾದದ್ದು ಬೇರೆಯೇ ಒಂದು ಚರಿತ್ರೆ. ಅದು ಹೊಟ್ಟೆಯ ಬೇನೆಯಿಂದ ನರಳಿದ ಮಕ್ಕಳ ಚರಿತ್ರೆ. ಮಕ್ಕಳ ಜೀರ್ಣಾಂಗ, ಯಕೃತ್ತು ಮತ್ತು ಪೋಷಣೆ ಈ ಮೂರನ್ನೂ ಕೂಡಿಸಿ ಇಂದು ಒಂದು ಪ್ರತ್ಯೇಕ ವೈದ್ಯಶಾಖೆ ಬೆಳೆದಿದೆ. ಆ ಶಾಖೆ ಬೆಳೆದು ಬಂದ ದಾರಿಯಲ್ಲಿ ಈ ಎರಡು ನಗರಗಳ ಸೀಮೆಗೂ, ಕನ್ನಡಿಗರಿಗೂ ಇರುವ ಸಂಬಂಧವನ್ನು ತಿಳಿಸುವುದು, ಆ ಚರಿತ್ರೆಯಿಂದ ಹೊರಡುವ ಒಂದು ಎಚ್ಚರಿಕೆಯನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

೨

ನಮ್ಮ ಪ್ರಾಚೀನರು ಈ ವಿಷಯವನ್ನು ಅಲಕ್ಷಿಸಿದ್ದರೆಂದು ಭಾವಿಸಬಾರದು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಚರಕನು ಉದರರೋಗಗಳನ್ನು ಎಂಟು ಬಗೆಯಾಗಿ ವಿಂಗಡಿಸಿದನು. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ ೧೯೩೮ರಲ್ಲಿ ಪ್ರಕಟವಾದ ‘ಕಾಶ್ಯಪಸಂಹಿತೆ’ಯಂತೂ ಶಿಶುವೈದ್ಯಕ್ಕೇ ಮೀಸಲಾದುದು. ಅದರಲ್ಲಿ ‘ಫಕ್ಕ’ವೆಂಬ ರೋಗದ ವರ್ಣನೆಯಿದೆ. ವರ್ಷ ತುಂಬಿದರೂ ನಡೆಯಲಾರದ, ಕೈಕಾಲು ಸೊರಗಿ ಹೊಟ್ಟೆ ದೊಡ್ಡದಾದ ಮಗುವಿನ ಚಿತ್ರ ಅದು. ‘ಮಾಧವನಿದಾನ’ದಲ್ಲಿ ‘ಪಾರಿಗರ್ಭಿಕ’ವೆಂಬ ಇನ್ನೊಂದು ರೋಗ ಬರುತ್ತದೆ. ತಾಯಿ ಮತ್ತೆ ಗರ್ಭಿಣಿಯಾದಾಗ ಅವಳ ಹಾಲನ್ನೇ ನೆಚ್ಚಿಕೊಂಡಿರುವ ಮಗು ಅಗ್ನಿಮಾಂದ್ಯ, ವಾಂತಿ, ಕಾರ್ಶ್ಯಗಳಿಂದ ಬಳಲಿ ಹೊಟ್ಟೆಯುಬ್ಬಿಸಿಕೊಳ್ಳುತ್ತದೆಂದು ಅಲ್ಲಿ ಹೇಳಿದೆ.

ಇದಕ್ಕೆ ಸಂವಾದಿಯಾದ ಮಾತು ಸಾವಿರಾರು ಮೈಲಿ ದೂರದ ಪಶ್ಚಿಮ ಆಫ್ರಿಕದಲ್ಲಿ ದೊರೆಯುವುದು ವಿಸ್ಮಯಕರವಾಗಿದೆ. ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಕೆಲಸ ಮಾಡುತ್ತಿದ್ದ ಡಾ. ಸಿಸಿಲಿ ವಿಲಿಯಮ್ಸ್ ೧೯೩೩ರಲ್ಲಿ ಮಕ್ಕಳ ಒಂದು ಬಾವಿನ ರೋಗವನ್ನು ವರ್ಣಿಸಿದರು. ೧೯೩೫ರಲ್ಲಿ ಅದನ್ನು ಅಲ್ಲಿಯ ಗಾ ಭಾಷೆಯ ‘ಕ್ವಾಶಿಯೋರ್ಕರ್’ ಎಂಬ ಹೆಸರಿನಿಂದಲೇ ಕರೆದರು. ಮುಂದಿನ ಮಗು ಬಂದಾಗ ಎದೆಹಾಲಿನಿಂದ ದೂರವಾದ ಮಗುವಿಗೆ ತಗಲುವ ಬೇನೆ ಎಂಬುದು ಆ ಪದದ ಭಾವ. ನಮ್ಮ ನಿದಾನಕಾರನೂ ಆಫ್ರಿಕದ ತಾಯಂದಿರೂ ಒಂದೇ ಸಂಗತಿಯನ್ನು ಗಮನಿಸಿದ್ದರೆಂಬುದು ಇದರಿಂದ ವೇದ್ಯವಾಗುತ್ತದೆ.

ಆದರೆ ಗ್ರಂಥಗಳಲ್ಲಿ ಎಂಟಾಗಿದ್ದ ಉದರರೋಗಗಳು ಜನರ ಬಾಯಲ್ಲಿ ಒಂದೇ ಆದುವು. ನನ್ನ ಹಿರಿಯರ ಕಾಲದಲ್ಲಿ ಹೊಟ್ಟೆಯುಬ್ಬಿ ಮಗು ಸೊರಗಿತೆಂದರೆ ‘ಮಗುವಿಗೆ ಲಿವರ್ ಆಗಿದೆ’ ಎಂದುಬಿಡುತ್ತಿದ್ದರು. ಯಕೃತ್ತಿನ ಆಂಗ್ಲನಾಮವೇ ರೋಗದ ಹೆಸರಾಗಿ ಕನ್ನಡ, ತೆಲುಗು, ತಮಿಳು ಮನೆಗಳಲ್ಲಿ ನೆಲೆಯೂರಿತ್ತು. ಮದರಾಸಿನ ‘ಜಮ್ಮಿ ಲಿವರ್ ಕ್ಯೂರ್’ ಎಂಬ ಔಷಧಿಯ ಹೆಸರನ್ನು ಕೇಳದ ತಾಯಂದಿರು ಆಗ ವಿರಳ. ಒಂದು ಹೆಸರಿನ ಕೆಳಗೆ ಹಲವು ರೋಗಗಳು ಅಡಗಿದ್ದುವು. ಅವುಗಳನ್ನು ಬಿಡಿಸಿ ನೋಡಿದ್ದೇ ಮುಂದಿನ ಚರಿತ್ರೆ.

೩

ಈ ಸೀಮೆಯಲ್ಲಿ ಆಧುನಿಕ ವೈದ್ಯಶಿಕ್ಷಣದ ಆರಂಭ ೧೯೨೩ರಲ್ಲಿ. ಆ ವರ್ಷ ವಿಶಾಖಪಟ್ಟಣದಲ್ಲಿ ವೈದ್ಯಕೀಯ ಕಾಲೇಜೂ ಕಿಂಗ್ ಜಾರ್ಜ್ ಆಸ್ಪತ್ರೆಯೂ ಪ್ರಾರಂಭವಾದುವು. ಕಾಲೇಜು ೧೯೪೦ರಲ್ಲಿ ಆಂಧ್ರ ವೈದ್ಯಕೀಯ ಕಾಲೇಜೆಂಬ ಹೆಸರನ್ನು ಪಡೆಯಿತು. ಆಂಧ್ರ ವಿಶ್ವವಿದ್ಯಾನಿಲಯ ೧೯೨೬ರಲ್ಲಿ ಬೆಜವಾಡದಲ್ಲಿ, ಎಂದರೆ ವಿಜಯವಾಡದಲ್ಲಿ, ಹುಟ್ಟಿ ೧೯೩೦ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂದಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೇ ಅದರ ಮೊದಲ ಉಪಕುಲಪತಿಗಳು. ವಿಜಯವಾಡಕ್ಕೆ ತನ್ನದೇ ಆದ ವೈದ್ಯಕೀಯ ಕಾಲೇಜು ಒದಗಿದುದು ಬಹಳ ತಡವಾಗಿ, ೧೯೮೦ರಲ್ಲಿ, ಸಿದ್ಧಾರ್ಥ ಕಾಲೇಜಿನ ಮೂಲಕ. ೧೯೮೬ರಲ್ಲಿ ಆರೋಗ್ಯವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಅಲ್ಲಿಯೇ ನೆಲೆಗೊಂಡಿತು.

ಈ ಎರಡು ನಗರಗಳ ನಡುವೆ, ಗೋದಾವರಿಯ ಮುಖಜಭೂಮಿಯಲ್ಲಿ ಭೀಮಾವರವಿದೆ. ಯಲ್ಲಾಪ್ರಗಡ ಸುಬ್ಬರಾವ್ ಅವರು ೧೮೯೫ರಲ್ಲಿ ಹುಟ್ಟಿದುದು ಅಲ್ಲಿ. ಅವರ ಸೋದರರು ಸಂಗ್ರಹಣಿಗೆ ತುತ್ತಾದರು. ತಿಂದ ಅನ್ನ ಮೈಗೆ ಹತ್ತದೆ, ಕರುಳು ಸಾರವನ್ನು ಹೀರಲಾರದೆ ರೋಗಿಯು ಕ್ಷಯಿಸುವ ಬೇನೆ ಇದು. ಸ್ವತಃ ಸುಬ್ಬರಾಯರೂ ಅದರಿಂದ ನರಳಿ, ಆಯುರ್ವೇದ ಪಂಡಿತರಾದ ಡಾ. ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಚೇತರಿಸಿಕೊಂಡರೆಂದು ಚರಿತ್ರಕಾರರು ಬರೆದಿದ್ದಾರೆ. ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿ ಅಮೆರಿಕಕ್ಕೆ ಹೋದ ಅವರು ಹಾರ್ವರ್ಡ್‌ನಲ್ಲಿ, ೧೯೪೦ರಿಂದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ದುಡಿದರು. ಡಾ. ಲೂಸಿ ವಿಲ್ಸ್ ಅವರು ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ವಸ್ತುವೊಂದಿದೆಯೆಂದು ೧೯೩೧ರಲ್ಲಿ ತೋರಿಸಿದ್ದರು. ಆ ಜಾತಿಯ ವಸ್ತುವನ್ನು, ಎಂದರೆ ಫೋಲಿಕ್ ಆಮ್ಲವನ್ನು, ಸುಬ್ಬರಾಯರ ತಂಡ ೧೯೪೫ರ ವೇಳೆಗೆ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿತು. ಸಂಗ್ರಹಣಿಯ ಚಿಕಿತ್ಸೆಗೆ ಅದು ಬಹಳವಾಗಿ ಒದಗಿಬಂದಿತು. ಅದಕ್ಕೆ ವಿರೋಧಿಯಾದ ಅಮೈನೊಪ್ಟೆರಿನ್ ಎಂಬ ವಸ್ತುವನ್ನೂ ಅದೇ ಪ್ರಯೋಗಶಾಲೆ ತಯಾರಿಸಿತು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ೧೯೪೮ರಲ್ಲಿ ರಕ್ತದ ಅರ್ಬುದದಿಂದ ಬಳಲುವ ಮಕ್ಕಳಿಗೆ ಅದನ್ನು ಕೊಟ್ಟು, ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟುವುದೆಂದು ತೋರಿಸಿದರು. ಸುಬ್ಬರಾಯರು ಅದೇ ವರ್ಷ ತೀರಿಕೊಂಡರು; ತಾಯ್ನಾಡಿಗೆ ಅವರು ಮರಳಲೇ ಇಲ್ಲ.

ಕರುಳಿನ ಬೇನೆಯ ಮಾತು ಹೀಗಾದರೆ, ಪೋಷಣೆಯ ವಿಷಯದಲ್ಲಿ ವಿಶಾಖಪಟ್ಟಣದ ಕಾಲೇಜೇ ಒಬ್ಬ ಮಹಾನುಭಾವರನ್ನು ಕೊಟ್ಟಿತು. ಶ್ರೀಕಾಕುಳಂನಲ್ಲಿ ೧೯೨೧ರಲ್ಲಿ ಜನಿಸಿದ ಡಾ. ವಿ. ರಾಮಲಿಂಗಸ್ವಾಮಿಯವರು ಅಲ್ಲಿ ಓದಿ, ೧೯೪೭ರಲ್ಲಿ ಕೂನೂರಿನ ಪೋಷಣ ಸಂಶೋಧನಾಲಯವನ್ನು ಸೇರಿದರು. ೧೯೧೮ರಲ್ಲಿ ಮೆಕ್‌ಕ್ಯಾರಿಸನ್ ಪ್ರಾರಂಭಿಸಿದ ಈ ಸಂಸ್ಥೆ ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಪ್ರೋಟೀನಿನ ಕೊರತೆಯಿಂದ ಯಕೃತ್ತಿನಲ್ಲಾಗುವ ವಿಕಾರಗಳನ್ನು ಅಲ್ಲಿ ಪರೀಕ್ಷಿಸಿದವರಲ್ಲಿ ರಾಮಲಿಂಗಸ್ವಾಮಿಯವರು ಪ್ರಮುಖರು. ಈ ಬಗೆಯ ಅಧ್ಯಯನಗಳಿಂದ ಒಂದು ಮುಖ್ಯ ವಿಷಯ ಸ್ಪಷ್ಟವಾಯಿತು: ಕ್ವಾಶಿಯೋರ್ಕರ್ ತಗಲಿದ ಮಗುವಿನ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಆದರೆ ಒಳ್ಳೆಯ ಆಹಾರ ಕೊಟ್ಟರೆ ಅದು ಕರಗುತ್ತದೆ. ಯಕೃತ್ತು ಗಂಟುಗಟ್ಟಿ ಕಲ್ಲಾಗುವ ಬೇನೆಗೆ ಹಸಿವೊಂದೇ ಕಾರಣವಲ್ಲ. ‘ಲಿವರ್’ ಎಂಬ ಒಂದೇ ಗಂಟು ಹೀಗೆ ಎರಡಾಗಿ ಬಿಚ್ಚಿತು. ಅನ್ನದಿಂದ ಗುಣವಾಗುವ ಮಕ್ಕಳು ಒಂದು ಕಡೆಯಾದರೆ, ಅನ್ನವಿದ್ದ ಮನೆಯಲ್ಲಿಯೇ ಸಾಯುವ ಮಕ್ಕಳು ಇನ್ನೊಂದು ಕಡೆಯಾದರು.

೪

ಈ ಎರಡನೆಯ ಗುಂಪಿನ ರೋಗವೇ ಭಾರತೀಯ ಬಾಲ್ಯ ಸಿರೋಸಿಸ್. ಕಲ್ಕತ್ತೆಯ ಡಾ. ಬಿ. ಸಿ. ಸೇನ್ ೧೮೮೭ರಲ್ಲಿ ಇದನ್ನು ಮೊದಲು ವರ್ಣಿಸಿದರು. ಆರು ತಿಂಗಳಿನಿಂದ ಮೂರು ವರ್ಷದ ವರೆಗಿನ ಮಗು. ಮೊದಮೊದಲು ರಚ್ಚೆ, ಊಟ ಸೇರದಿರುವುದು, ಹೊಟ್ಟೆಯುಬ್ಬರ. ಬಲ ಪಕ್ಕೆಲುಬಿನ ಕೆಳಗೆ ಅಂಚು ಚೂಪಾದ, ಗಟ್ಟಿಯಾದ ಯಕೃತ್ತು ಕೈಗೆ ತಗಲುವುದು. ಆಮೇಲೆ ಕಾಮಾಲೆ, ಹೊಟ್ಟೆಯಲ್ಲಿ ನೀರು. ಕೆಲವು ತಿಂಗಳಲ್ಲಿ ಮರಣ. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಸಾಯುವುದೂ ಉಂಟು. ಬಡವರ ಗುಡಿಸಲಿಗಿಂತ ಮಧ್ಯಮ ವರ್ಗದ ಹಿಂದೂ ಮನೆಗಳಲ್ಲಿ ಇದು ಹೆಚ್ಚಾಗಿ ಕಂಡುಬಂದುದು ವೈದ್ಯರಿಗೆ ಒಗಟಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯಕೃದ್ರೋಗ ಉಪಸಮಿತಿ ೧೯೫೫ರಲ್ಲಿ ಈ ರೋಗದ ಮೇಲೆ ವರದಿಯಿತ್ತಿತು. ೧೯೬೦ರಲ್ಲಿ ಮದರಾಸಿನ ಡಾ. ಎಸ್. ಟಿ. ಆಚಾರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ ಇದನ್ನು ವಿದೇಶದ ಶಿಶುವೈದ್ಯರ ಗಮನಕ್ಕೆ ತಂದಿತು.

ಕಾರಣವನ್ನು ಅರಸುತ್ತ ಕೆಲವರು ವಂಶವನ್ನು, ಕೆಲವರು ಸೋಂಕನ್ನು ಸೂಚಿಸಿದರು. ಮೈಸೂರಿನಿಂದಲೂ ಒಂದು ಸುಳಿವು ಬಂದಿತು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರವಿಜ್ಞಾನ ಸಂಶೋಧನಾಲಯ, ಕಡಲೆಕಾಯಿಯ ಹಿಟ್ಟಿನಿಂದ ಬಡಮಕ್ಕಳಿಗೆ ಪ್ರೋಟೀನು ಒದಗಿಸುವ ಮಾರ್ಗಗಳನ್ನು ಹುಡುಕುತ್ತಿತ್ತು. ೧೯೭೧ರಲ್ಲಿ ಡಾ. ಅಮ್ಲಾ ಅವರೂ ಆ ಸಂಸ್ಥೆಯ ಪಾರ್ಪಿಯಾ ಮೊದಲಾದವರೂ ಪ್ರಕಟಿಸಿದ ಪ್ರಬಂಧವೊಂದು, ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಸೇರಿದ್ದ ಹಿಟ್ಟನ್ನು ತಿಂದ ಮಕ್ಕಳಲ್ಲಿ ಸಿರೋಸಿಸ್ ಕಂಡುಬಂದುದನ್ನು ವರದಿ ಮಾಡಿತು. ಹಸಿವಿನ ಮದ್ದಿನಲ್ಲಿಯೂ ವಿಷ ನುಸುಳಬಹುದೆಂದು ಮೈಸೂರೇ ಲೋಕಕ್ಕೆ ತಿಳಿಸಿತು.

ಅನಂತರ ದೃಷ್ಟಿ ಅಡಿಗೆಮನೆಯ ಪಾತ್ರೆಗಳ ಕಡೆ ಹೊರಳಿತು. ಲಂಡನ್ನಿನ ಡಾ. ಸ್ಟುಅರ್ಟ್ ಟ್ಯಾನರ್ ಮತ್ತು ಸಂಗಡಿಗರು, ಈ ಮಕ್ಕಳ ಯಕೃತ್ತಿನಲ್ಲಿ ತಾಮ್ರ ಅತಿಶಯವಾಗಿ ತುಂಬಿರುವುದನ್ನು ೧೯೭೯ರಲ್ಲಿ ತೋರಿಸಿದರು. ಪುಣೆಯ ಕೆ. ಇ. ಎಂ. ಆಸ್ಪತ್ರೆಯ ವೈದ್ಯರೊಡನೆ ಕೂಡಿ ೧೯೮೩ರಲ್ಲಿ ಅದರ ಮೂಲವನ್ನೂ ಸೂಚಿಸಿದರು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಸು ಎಮ್ಮೆಗಳ ಹಾಲನ್ನು ಎಳೆಯ ತಿಂಗಳುಗಳಲ್ಲಿಯೇ ಕುಡಿಸುವುದು ಕಾರಣವಿರಬಹುದೆಂಬುದು ಅವರ ಅಭಿಪ್ರಾಯ. ಹಾಲಿನ ಕೇಸೀನ್ ತಾಮ್ರವನ್ನು ಹಿಡಿದುಕೊಂಡು ಶಿಶುವಿನ ಹೊಟ್ಟೆಗೆ ಒಯ್ಯುತ್ತದೆ. ಎದೆಹಾಲಿನಲ್ಲಿ ತಾಮ್ರ ಅತ್ಯಲ್ಪ. ಎದೆಹಾಲಿಗೆ ಬೇಗನೆ ಮೇಲುಹಾಲನ್ನು ಸೇರಿಸಲು ಅನುಕೂಲವಿದ್ದ, ಹಿತ್ತಾಳೆಯನ್ನು ತೊಳೆದು ಬೆಳಗಿ ಸಾಲಾಗಿಡಲು ಅಭಿಮಾನವಿದ್ದ ಮನೆಗಳಲ್ಲಿ ರೋಗ ಹೆಚ್ಚಾಗಿದ್ದುದಕ್ಕೆ ಇದರಿಂದ ಅರ್ಥ ಹೊಳೆಯಿತು. ಇದಕ್ಕೆ ಪೋಷಕವಾದ ಸಾಕ್ಷ್ಯ ಆಸ್ಟ್ರಿಯದ ಟಿರೋಲ್ ಕಣಿವೆಗಳಿಂದ ಬಂದಿತು. ೧೯೦೦ರಿಂದ ೧೯೭೪ರ ವರೆಗೆ ಅಲ್ಲಿ ೧೩೮ ಶಿಶುಗಳು ಇಂಥದೇ ರೋಗಕ್ಕೆ ತುತ್ತಾಗಿದ್ದುವು. ತಾಮ್ರದ ಪಾತ್ರೆಗಳು ಮರೆಯಾದೊಡನೆ ರೋಗವೂ ಮರೆಯಾಯಿತೆಂದು ೧೯೯೬ರಲ್ಲಿ ಪ್ರಕಟವಾಯಿತು. ವಂಶದ ಒಂದು ದೌರ್ಬಲ್ಯವೂ ಅದರೊಡನೆ ಸೇರಿತ್ತೆಂದು ಆ ಸಂಶೋಧಕರು ಅಭಿಪ್ರಾಯಪಟ್ಟರು.

ಆದರೂ ವಿವಾದ ಮುಗಿದಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಡಾ. ಎನ್. ಸಿ. ನಾಯಕರಂಥ ಹಿರಿಯ ರೋಗವಿಜ್ಞಾನಿಗಳು ತಾಮ್ರವೇ ಮೂಲಕಾರಣವೆಂಬ ವಾದವನ್ನು ಒಪ್ಪಲಿಲ್ಲ. ಎಲ್ಲರೂ ಒಪ್ಪುವ ಸಂಗತಿಯೊಂದಿದೆ: ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಈ ರೋಗ ನಮ್ಮ ದೇಶದಲ್ಲಿ ಅತ್ಯಂತ ವಿರಳವಾಯಿತು. ಹಿತ್ತಾಳೆಯ ಸ್ಥಾನಕ್ಕೆ ಉಕ್ಕಿನ ಪಾತ್ರೆಗಳು ಬಂದುವು. ರೋಗದ ಹೊರಟುಹೋಗುವಿಕೆಯಲ್ಲಿ ವೈದ್ಯರಿಗಿಂತ ಪಾತ್ರೆಯಂಗಡಿಯವನ ಪಾಲೇ ಹೆಚ್ಚಾಗಿದ್ದಿರಬಹುದು.

ಈ ಪ್ರಕರಣದಲ್ಲಿ ನಾನು ಕೇವಲ ಓದುಗನಲ್ಲ. ನನ್ನ ದೊಡ್ಡಮ್ಮ ಮದುವೆಯಾಗಿ ಅರುವತ್ತರ ದಶಕದಲ್ಲಿ ವಿಜಯವಾಡಕ್ಕೆ ಹೋದರು; ದೊಡ್ಡಪ್ಪ ಅಲ್ಲಿ ಊಟದ ಹೋಟೆಲು ನಡೆಸುತ್ತಿದ್ದರು. ತವರಿನಿಂದ ಕೊಟ್ಟ ಹಿತ್ತಾಳೆಯ ತಪ್ಪಲೆಯನ್ನು ಅವರು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರಂತೆ. ಪರಸ್ಥಳದಲ್ಲಿ ಅದೇ ಅವರಿಗೆ ಊರು. ಅವರ ಮೊದಲ ಎರಡು ಗಂಡುಮಕ್ಕಳು ಎರಡು ವರ್ಷ ತುಂಬುವುದರೊಳಗೆ ‘ಲಿವರ್’ ಆಗಿ ತೀರಿಕೊಂಡುವು. ನಾನು ವಿಜಯವಾಡಕ್ಕೆ ವರ್ಗವಾಗಿ ಹೋದಾಗ ಅದೇ ತಪ್ಪಲೆಯಲ್ಲಿ ಹಾಲು ಕಾಯಿಸಿ ನನಗೆ ಕಾಫಿ ಮಾಡಿಕೊಟ್ಟು, “ಇದೊಂದು ಮಾತ್ರ ನಮ್ಮಮ್ಮನದು ಉಳಿದಿದೆಯಪ್ಪಾ” ಎಂದರು. ಪುಣೆಯ ವೈದ್ಯರ ಪ್ರಬಂಧವನ್ನು ನಾನು ಅಷ್ಟರಲ್ಲಿ ಓದಿದ್ದೆ, ಆದರೆ ಹೇಳಲಿಲ್ಲ. ಇನ್ನೂ ವಿವಾದದಲ್ಲಿರುವ ಒಂದು ಊಹೆಯನ್ನು ಎಂಬತ್ತರ ಹತ್ತಿರದ ತಾಯಿಯ ತಲೆಯ ಮೇಲೆ ಹೊರಿಸುವ ಅಧಿಕಾರ ನನಗೆ ಇದ್ದಂತೆ ತೋರಲಿಲ್ಲ. ಹೇಳದೆ ಉಳಿದುದು ಸರಿಯೇ ಎಂಬುದು ಇಂದಿಗೂ ನನಗೆ ನಿಶ್ಚಯವಾಗಿಲ್ಲ. ಅವರು ಈಗ ಇಲ್ಲ.

೫

ಇನ್ನು ಈ ವೈದ್ಯಶಾಖೆಯ ಉದಯವನ್ನು ನೋಡಬಹುದು. ಯೂರೋಪಿನಲ್ಲಿ ಮಕ್ಕಳ ಜೀರ್ಣಾಂಗರೋಗಗಳ ತಜ್ಞರು ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡುದು ೧೯೬೮ರಲ್ಲಿ. ಅದಕ್ಕೆ ಮುನ್ನ ಜಪಾನಿನ ಮೊರಿಯೊ ಕಸಾಯಿ ೧೯೫೯ರಲ್ಲಿ ಒಂದು ಶಸ್ತ್ರಕ್ರಿಯೆಯನ್ನು ಪ್ರಕಟಿಸಿದ್ದರು. ಹುಟ್ಟಿದ ಕೆಲವು ವಾರಗಳಲ್ಲಿ ಪಿತ್ತನಾಳಗಳು ಮುಚ್ಚಿಹೋಗುವ ‘ಬಿಲಿಯರಿ ಅಟ್ರೀಸಿಯಾ’ ಎಂಬ ರೋಗದಲ್ಲಿ ಕರುಳನ್ನೇ ಯಕೃತ್ತಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡಿಕೊಡುವ ಕ್ರಮ ಅದು. ೧೯೬೩ರಲ್ಲಿ ಅಮೆರಿಕದ ಥಾಮಸ್ ಸ್ಟಾರ್ಜ್ಲ್ ಮಾಡಿದ ಜಗತ್ತಿನ ಮೊದಲ ಯಕೃತ್ತಿನ ಕಸಿಯೂ ಈ ರೋಗದ ಮಗುವಿಗೇ. ಆ ಮಗು ಉಳಿಯಲಿಲ್ಲ. ನಮ್ಮ ದೇಶದಲ್ಲಿ ಮಗುವಿಗೆ ಯಕೃತ್ತಿನ ಕಸಿ ಮೊದಲು ಸಫಲವಾದುದು ೧೯೯೮ರಲ್ಲಿ, ದೆಹಲಿಯಲ್ಲಿ. ತಮಿಳುನಾಡಿನಿಂದ ಬಂದಿದ್ದ, ಅದೇ ರೋಗದಿಂದ ನರಳುತ್ತಿದ್ದ ಮಗುವಿಗೆ ತಂದೆ ತನ್ನ ಯಕೃತ್ತಿನ ಒಂದು ಭಾಗವನ್ನು ಕೊಟ್ಟನು.

ಪೋಷಣೆಯ ಕಡೆ ಸರಕಾರವೂ ಕೈಹಾಕಿತು. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡ ಸ್ಥಳ ಮೈಸೂರು ಜಿಲ್ಲೆಯ ಟಿ. ನರಸೀಪುರ; ಅಲ್ಲಿ ೧೦೦ ಅಂಗನವಾಡಿಗಳು ತೆರೆದುವು. ಆಂಧ್ರದಲ್ಲಿ ೨೦೦೭ರಲ್ಲಿ ಬಂದ ಆರೋಗ್ಯಶ್ರೀ ಯೋಜನೆ ಬಡವರಿಗೆ ದೊಡ್ಡ ಚಿಕಿತ್ಸೆಗಳ ಬಾಗಿಲನ್ನು ತಕ್ಕಮಟ್ಟಿಗೆ ತೆರೆಯಿತು. ಈಚೆಗೆ ವಿಶಾಖಪಟ್ಟಣ, ವಿಜಯವಾಡ ಎರಡರಲ್ಲಿಯೂ ಮಕ್ಕಳ ಉದರ, ಯಕೃತ್ತುಗಳಿಗೆಂದೇ ತರಬೇತಿ ಪಡೆದ ವೈದ್ಯರು ಸಿಗುತ್ತಾರೆ.

ಇದೆಲ್ಲವೂ ಸಂತೋಷದ ವಿಷಯವೇ. ಆದರೆ ಚರಿತ್ರೆಯಲ್ಲಿ ಒಂದು ವ್ಯಂಗ್ಯ ಉಳಿದಿದೆ. ಕರಾವಳಿ ಆಂಧ್ರದಲ್ಲಿಯೂ ನಮ್ಮ ನಾಡಿನಲ್ಲಿಯೂ ಯಾವ ರೋಗ ತಾಯಂದಿರ ಎದೆ ನಡುಗಿಸಿತೋ ಅದು ತಜ್ಞರು ಬರುವ ವೇಳೆಗೆ ಹೊರಟುಹೋಗಿತ್ತು. ಅದರ ಹೆಸರು ಮಾತ್ರ ಹೋಗಲಿಲ್ಲ. ಮಗುವಿನ ಕಣ್ಣು ಹಳದಿಯಾದರೆ ಇಂದೂ ‘ಕಾಮಾಲೆ’, ‘ಲಿವರ್’ ಎಂಬ ಮಾತಿನಲ್ಲಿಯೇ ಎಲ್ಲವೂ ಮುಗಿಯುತ್ತದೆ. ಬೇರು ನಾರುಗಳಿಗಾಗಿ ವಾರಗಳು ಕಳೆಯುತ್ತವೆ. ಬ್ಯಾಂಕಿನಲ್ಲಿ ಒಡವೆಗಳ ಮೇಲಿನ ಸಾಲದ ಕಾಗದಗಳಿಗೆ ಸಹಿ ಹಾಕುವಾಗ, ಮಗುವನ್ನು ಚೆನ್ನೈಗೋ ವೆಲ್ಲೂರಿಗೋ ಹೈದರಾಬಾದಿಗೋ ಒಯ್ಯಬೇಕೆಂದು ತಾಳಿಯ ಸರವನ್ನು ಬಿಚ್ಚಿಟ್ಟವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರಿಗೆ ಹಣಕ್ಕಿಂತ ಹೆಚ್ಚಾಗಿ ಕಳೆದುಹೋಗಿದ್ದುದು ಕಾಲ.

ಕಸಾಯಿಯವರ ಶಸ್ತ್ರಕ್ರಿಯೆ ಮಗುವಿಗೆ ಅರುವತ್ತು ದಿನ ತುಂಬುವುದರೊಳಗೆ ಆದರೆ ಫಲ ಹೆಚ್ಚು. ಬಳಿಕ ದಿನದಿನಕ್ಕೆ ಆಸೆ ಕುಗ್ಗುತ್ತದೆ. ಇದರ ಗುರುತು ಕಠಿನವಾದುದಲ್ಲ. ಹುಟ್ಟಿದ ಮಗುವಿನ ಕಾಮಾಲೆ ಎರಡು ವಾರ ಮೀರಿಯೂ ಉಳಿದರೆ, ಮೂತ್ರ ಗಾಢ ಹಳದಿಯಾಗಿ ಬಟ್ಟೆಗೆ ಕರೆ ಹತ್ತಿದರೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಒಂದು ದಿನವನ್ನೂ ಕಳೆಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ತೈವಾನಿನಲ್ಲಿ ೨೦೦೪ರಿಂದ ಎಲ್ಲ ತಾಯಂದಿರಿಗೂ ಮಲದ ಬಣ್ಣಗಳನ್ನು ಅಚ್ಚುಹಾಕಿದ ಚೀಟಿಯನ್ನು ಕೊಡುತ್ತ ಬಂದಿದ್ದಾರೆ. ಮಗುವಿನ ಬಟ್ಟೆಯನ್ನು ಚೀಟಿಯ ಬಣ್ಣದೊಡನೆ ಹೋಲಿಸಿ ನೋಡುವುದಷ್ಟೇ ತಾಯಿಯ ಕೆಲಸ. ಇದರಿಂದ ಅಲ್ಲಿ ಹೆಚ್ಚು ಮಕ್ಕಳಿಗೆ ಸಕಾಲದಲ್ಲಿ ಶಸ್ತ್ರಕ್ರಿಯೆ ನಡೆಯುವಂತಾಯಿತು.

ಪಾತ್ರೆ ಬದಲಾದುದರಿಂದ ಒಂದು ರೋಗ ಹೋಯಿತೆಂಬುದು ನಿಜವಾದರೆ, ಚೀಟಿಯೊಂದರಿಂದ ಇನ್ನೊಂದು ರೋಗದ ಮಕ್ಕಳು ಬದುಕಬಹುದೆಂಬುದೂ ನಿಜ. ಎರಡೂ ಮನೆಯೊಳಗಿನ ಕೆಲಸ. ಪರಸ್ಥಳದಲ್ಲಿ ನೆಲಸಿರುವ ನಮ್ಮ ಹೆಣ್ಣುಮಕ್ಕಳಿಗೆ ಬಾಣಂತನದಲ್ಲಿ ತವರಿನ ಹಿರಿಯರು ಎಷ್ಟೋ ವೇಳೆ ಹತ್ತಿರವಿರುವುದಿಲ್ಲ. ಆಸ್ಪತ್ರೆಯ ಭಾಷೆಯೂ ಬೇರೆ. ಇಂಥ ಚೀಟಿಯೊಂದನ್ನು ವೈದ್ಯರ ಸಲಹೆ ಪಡೆದು ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ಬಾಣಂತಿಯ ಮನೆಗೂ ಮುಟ್ಟಿಸುವುದು ನಮ್ಮ ಸಂಘಕ್ಕೆ ಭಾರವಾದ ಕೆಲಸವಲ್ಲ. ಉಗ್ರಾದಿತ್ಯನ ರಾಮಗಿರಿ ಯಾವುದೆಂಬ ಚರ್ಚೆಯನ್ನು ವಿದ್ವಾಂಸರು ನಿಧಾನವಾಗಿ ಮುಂದುವರಿಸಲಿ; ಅರುವತ್ತು ದಿನಗಳ ಲೆಕ್ಕಕ್ಕೆ ಮಾತ್ರ ಆ ಅವಕಾಶವಿಲ್ಲ. ಸಂಘದ ಕಾರ್ಯಸಮಿತಿ ಈ ಸೂಚನೆಯನ್ನು ಪರಿಶೀಲಿಸಬೇಕೆಂದು ವಿನಂತಿಸಿ ಲೇಖನವನ್ನು ಮುಗಿಸುತ್ತೇನೆ.